ಕೆರೆ, ಗದ್ದೆ, ನಾಲಾ: ಬೆಳಗಾವಿಯ ನೀರಿನ ಜಾಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಬಂತೆಂದರೆ ನಮ್ಮೂರ ಹಳ್ಳ ಬಳ್ಳಾರಿ ನಾಲಾದ ದಂಡೆಗೆ ಹೋಗಿ ನೀರು ನೋಡುವುದು ನನ್ನ ಹಳೆಯ ಚಟ. ಮನೆಯವರು ಇದಕ್ಕೆ ಬೇರೆಯೇ ಹೆಸರಿಟ್ಟಿದ್ದಾರೆ, ಅದು ಇಲ್ಲಿ ಬೇಡ. ದಂಡೆಯಲ್ಲಿ ಸಿಕ್ಕವರು, ಚಹಾದ ಅಂಗಡಿಯಲ್ಲಿ ಕೂತವರು, ಪತ್ರ ಬರೆದವರು ತಿರುಗಿ ತಿರುಗಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರ ಬಾಯಲ್ಲಿ ಬಂದ ಹಾಗೆಯೇ ಇವೆ. ಎಲ್ಲವನ್ನೂ ಸಾಲಾಗಿ ಓದಬೇಕೆಂದಿಲ್ಲ. ಪ್ಲಾಟು ಕೊಳ್ಳಲು ಹೊರಟವರು ನೇರ ಎರಡನೇ ಭಾಗಕ್ಕೆ ಹೋಗಬಹುದು.

## ಒಂದು: ಮೊದಲು ಕೇಳುವವು

ಜೌಗು ಜಾಗ ಅಂದ್ರ ಕೆಸರು ಅಲ್ಲೇನ್ರಿ? ಅದನ್ನ ಯಾಕ ಉಳಿಸಬೇಕು?

ಕೆಸರು ಹೌದು. ವರ್ಷದಲ್ಲಿ ಕೆಲವು ತಿಂಗಳಾದರೂ ನೀರು ನಿಲ್ಲುವ, ಆ ನೀರಿಗೆ ಹೊಂದಿಕೊಂಡ ಗಿಡ-ಹುಲ್ಲು, ಹುಳ-ಹುಪ್ಪಟೆ, ಹಕ್ಕಿಗಳಿರುವ ಜಾಗವನ್ನು ಜೌಗು ಪ್ರದೇಶ ಎನ್ನುತ್ತಾರೆ. ಕೆರೆ, ಹೊಂಡ, ನಾಲಾದ ಅಂಚು, ನದಿ ಉಕ್ಕಿದಾಗ ಮುಳುಗುವ ಬಯಲು, ಎಲ್ಲವೂ ಇದರಲ್ಲಿ ಬರುತ್ತವೆ. ಮಳೆ ಒಮ್ಮೆಲೇ ಸುರಿದಾಗ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುವುದು ಇದರ ದೊಡ್ಡ ಕೆಲಸ. ಬಾವಿಗೆ ನೀರು ಇಳಿಸುತ್ತದೆ, ಹೊಲಸನ್ನು ಒಂದಿಷ್ಟು ಸೋಸುತ್ತದೆ. ಕೆಸರು ಇಷ್ಟವಿಲ್ಲದವರೂ ಬಾವಿಯ ನೀರು ಕುಡಿದವರೇ.

ನಮ್ಮ ಕಡೆ ‘ಸವಳು-ಜವಳು’ ಅಂತಾರಲ್ಲ, ಇದೂ ಅದೂ ಒಂದೇನಾ?

ಅಲ್ಲ. ಸವಳು-ಜವಳು ಅನ್ನುವುದು ಕಾಲುವೆ ನೀರು ಜಾಸ್ತಿ ಹಾಯಿಸಿ, ಬಸಿದು ಹೋಗಲು ದಾರಿ ಇಲ್ಲದೆ, ಕೆಳಗಿನ ಉಪ್ಪು ಮೇಲೆ ಬಂದು ಕೆಟ್ಟ ಜಮೀನು. ಕಬ್ಬಿನ ಸೀಮೆಯಲ್ಲಿ ಬೆಳ್ಳಗೆ ಉಪ್ಪು ಹೂತಂತೆ ಕಾಣುತ್ತದಲ್ಲ, ಅದು. ಅದು ರೋಗ. ಜೌಗು ಪ್ರದೇಶ ಆ ಜಾಗದ ಹುಟ್ಟುಗುಣ.

ಬೆಳಗಾವಿಯೊಳಗ ಅಂಥಾ ಜಾಗ ಎಲ್ಲಿ ಅದಾವ?

ಎಲ್ಲರೂ ಮೊದಲು ಹೇಳುವುದು ಕೋಟೆ ಕೆರೆ. 2018ರಲ್ಲಿ 110 ಮೀಟರ್ ಎತ್ತರದ ಧ್ವಜಸ್ತಂಭ ನಿಲ್ಲಿಸಿದ ಮೇಲಂತೂ ಹೊರಗಿನವರಿಗೂ ಅದು ಗುರುತು. ಆಮೇಲೆ ಕೋಟೆಯ ಕಂದಕ, ಕಪಿಲೇಶ್ವರ ಗುಡಿಯ ಹೊಂಡ, ಜಕ್ಕೇರಿ ಹೊಂಡ.

ನನ್ನ ಲೆಕ್ಕದಲ್ಲಿ ಊರಿನ ದೊಡ್ಡ ಜೌಗು ಇವು ಯಾವುವೂ ಅಲ್ಲ. ವಡಗಾವಿ, ಶಹಾಪುರ, ಅನಗೋಳ, ಯಳ್ಳೂರು ಕಡೆಯ ಭತ್ತದ ಗದ್ದೆಗಳೇ ಅದು, ಅವುಗಳ ನಡುವೆ ಹರಿಯುವ ಬಳ್ಳಾರಿ ನಾಲಾ ಸೇರಿ. ಊರಿನ ದಕ್ಷಿಣದ ಮಳೆನೀರು ಈ ನಾಲಾಕ್ಕೆ ಇಳಿಯುತ್ತದೆ. ಅಲ್ಲಿಂದ ಮಾರ್ಕಂಡೇಯ, ಗೋಕಾಕದ ಹತ್ತಿರ ಘಟಪ್ರಭಾ, ಕೊನೆಗೆ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ. ನಮ್ಮ ಓಣಿಯ ಗಟಾರದ ನೀರಿಗೂ ಇದೇ ದಾರಿ ಅನ್ನುವುದನ್ನು ಮರೆಯಬೇಡಿ.

ಗದ್ದಿ ಅಂದ್ರ ಗದ್ದಿ. ಅದು ಹೆಂಗ ಕೆರಿ ಕೆಲಸಾ ಮಾಡ್ತದ?

ಇದನ್ನು ನನಗೆ ಕಲಿಸಿದ್ದು ಪುಸ್ತಕ ಅಲ್ಲ, ಒಬ್ಬ ಕಾಕಾ. ಜುಲೈ ತಿಂಗಳ ಒಂದು ಬೆಳಿಗ್ಗೆ ಒಡ್ಡಿನ ಮೇಲೆ ಕೂತು ಅವರು ಏಡಿ ಕೊರೆದ ತೂತಿಗೆ ಮಣ್ಣು ಮೆತ್ತುತ್ತಿದ್ದರು. ಹೆಬ್ಬೆರಳಿನಷ್ಟು ತೂತು. ಅದರಿಂದ ನೀರು ಸಣ್ಣಗೆ ಸದ್ದು ಮಾಡುತ್ತ ಕೆಳಗಿನ ಗದ್ದೆಗೆ ಇಳಿಯುತ್ತಿತ್ತು. “ಏ ತಮ್ಮಾ, ಇದನ್ನ ಬಿಟ್ರ ರಾತ್ರಿಗೆ ಒಡ್ಡ ಹೋಗ್ತದ, ನಾಳೆ ನೀರು ನಿಮ್ಮ ಓಣ್ಯಾಗ” ಅಂದರು. ನಾನು ನಕ್ಕೆ. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ನಗು ಬರಲಿಲ್ಲ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಒಡ್ಡಿನೊಳಗೆ ಅರ್ಧ ಅಡಿ ನೀರು ನಿಂತರೆ ಅದು 6 ಲಕ್ಷ ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಓಣಿಗೆ ಬರುವ 5,000 ಲೀಟರಿನ ಟ್ಯಾಂಕರಿನಲ್ಲಿ ಹೇಳುವುದಾದರೆ 120 ಟ್ಯಾಂಕರು, ಒಂದೇ ಎಕರೆಯಲ್ಲಿ. ಅಂಥ ಎಕರೆಗಳು ನೂರಾರು ಇದ್ದವು. ಇನ್ನೂ ಒಂದಿಷ್ಟು ಇವೆ.

ಭತ್ತ ಕೊಯ್ದ ಮೇಲೂ ಎರೆ ಮಣ್ಣು ತೇವ ಬಿಡುವುದಿಲ್ಲ. ಅದೇ ತೇವದಲ್ಲಿ ಮಸೂರು, ಕಡಲೆ, ಬಟಾಣಿ ಬರುತ್ತವೆ. ಬೆಳಗಾವಿ ಬಾಸ್ಮತಿಯ ಹೆಸರು ಕೇಳಿದವರಿಗೆ ಅದರ ಹಿಂದಿನ ಈ ಕೆಸರಿನ ಪರಿಚಯ ಇರುವುದಿಲ್ಲ.

ನೀರು ನಿಂತ್ರೆ ಸೊಳ್ಳೆ ಜಾಸ್ತಿ ಆಗಲ್ವಾ? ಡೆಂಗಿ ಬಂದ್ರೆ ಯಾರು ಹೊಣೆ?

ಡೆಂಗಿ ಹರಡುವ ಸೊಳ್ಳೆ ಕೆರೆಗಿಂತ ನಿಮ್ಮ ಮನೆಯನ್ನೇ ಇಷ್ಟಪಡುತ್ತದೆ. ಕೂಲರಿನ ತಳ, ಟೆರೇಸಿನ ಮೇಲಿನ ಹಳೆಯ ಟೈರು, ಮುಚ್ಚದ ಬ್ಯಾರೆಲ್, ಹೂಕುಂಡದ ಕೆಳಗಿನ ತಟ್ಟೆ ಅದಕ್ಕೆ ಸಾಕು. ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುವ ಕ್ಯೂಲೆಕ್ಸ್ ಸೊಳ್ಳೆಗೆ ಕೊಳಚೆ ನಿಂತ ಗಟಾರ ಬೇಕು. ಮೀನು, ಕಪ್ಪೆ, ಕೊಡತಿ ಹುಳ ಇರುವ ಆರೋಗ್ಯದ ಕೆರೆಯಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನುವವರೇ ಜಾಸ್ತಿ. ಹೊಲಸು ಬಿಟ್ಟು ಆ ಕೆರೆಯನ್ನು ಕೊಂದರೆ ಸೊಳ್ಳೆ ಬರುತ್ತದೆ, ನಿಜ. ಆಗ ಬೈಯಬೇಕಾದದ್ದು ಹೊಲಸು ಬಿಟ್ಟವರನ್ನು.

## ಎರಡು: ಮಳೆ, ಮನೆ, ಪ್ಲಾಟು

ಇಪ್ಪತ್ತು ವರ್ಷ ನಮ್ಮ ಓಣಿಯಾಗ ನೀರು ಬಂದಿರಲಿಲ್ಲ. ಈಗ್ಯಾಕ ಮಗ್ಗದ ಮನಿಯೊಳಗ ಬರ್ತದ?

ಮಳೆ ಹೆಚ್ಚಾಗಿರಬಹುದು, ಆದರೆ ಅದೊಂದೇ ಕಾರಣ ಅಲ್ಲ. 30-40 ಅಡಿಯ ಒಂದು ಪ್ಲಾಟು ಅಂದರೆ ಸುಮಾರು 111 ಚದರ ಮೀಟರ್. ಪೂರ್ತಿ ಫರಸಿ, ಸಿಮೆಂಟು, ಸ್ಲ್ಯಾಬು ಹಾಕಿದರೆ 100 ಮಿಲಿಮೀಟರ್ ಮಳೆಯ ದಿನ ಆ ಒಂದೇ ಪ್ಲಾಟಿನಿಂದ 11,000 ಲೀಟರ್ ನೀರು ರಸ್ತೆಗೆ ಬರುತ್ತದೆ. ಮೊದಲು ಅದರಲ್ಲಿ ಬಹಳಷ್ಟು ಮಣ್ಣಿಗೆ ಇಳಿಯುತ್ತಿತ್ತು, ಉಳಿದದ್ದು ಗದ್ದೆಯಲ್ಲಿ ನಿಂತು ತಡವಾಗಿ ನಾಲಾ ಸೇರುತ್ತಿತ್ತು. ಈಗ ಎಲ್ಲರ ಮನೆಯ ನೀರು ಒಂದೇ ತಾಸಿನಲ್ಲಿ ನಾಲಾದ ಬಾಯಿಗೆ ಬರುತ್ತದೆ.

ಇನ್ನೊಂದು ಸಣ್ಣ ಮಾತು. ಹೊಸ ಮನೆ ಕಟ್ಟುವವರು ಪಕ್ಕದ ಮನೆಗಿಂತ ಒಂದು ಅಡಿ ಎತ್ತರಕ್ಕೆ ಮುರುಮು ತುಂಬಿಸುತ್ತಾರೆ. ರಸ್ತೆಯನ್ನೂ ಹಳೆಯ ಡಾಂಬರಿನ ಮೇಲೆಯೇ ಮತ್ತೆ ಮತ್ತೆ ಏರಿಸುತ್ತಾರೆ. ಮೂವತ್ತು ವರ್ಷದ ಹಿಂದೆ ಕಟ್ಟಿದ ಮಗ್ಗದ ಮನೆ ಇದ್ದಲ್ಲೇ ಇದೆ, ಸುತ್ತಲಿನ ನೆಲ ಮೇಲೆದ್ದಿದೆ. ಹೊಸ್ತಿಲು ದಾಟಿ ಒಳಗೆ ಬರುವ ನೀರಿಗೆ ಅದೇ ಇಳಿಜಾರು.

2019ರ ನೆರೆ ದೇವರ ಆಟ ಅಲ್ವಾ? ಅದನ್ನೂ ನಮ್ಮ ತಲೆಗೇ ಕಟ್ತೀರಾ?

2019ರ ಆಗಸ್ಟಿನ ಮಳೆ ಅಸಾಧಾರಣ ಮಳೆಯೇ. ಗದ್ದೆಗಳೆಲ್ಲ ಉಳಿದಿದ್ದರೂ ನೀರು ಉಕ್ಕುತ್ತಿತ್ತು. ಕೆರೆ-ಗದ್ದೆ ಇದ್ದರೆ ನೆರೆಯೇ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಾರಗಟ್ಟಲೆ ಮಳೆ ಸುರಿದು ಗದ್ದೆ ತುಂಬಿಬಿಟ್ಟರೆ ಅದೂ ಕೈಚೆಲ್ಲುತ್ತದೆ. ಫರಕು ಕಾಣುವುದು ಪ್ರತಿ ವರ್ಷದ ಸಾಧಾರಣ ಜೋರು ಮಳೆಯಲ್ಲಿ. ಎರಡು ತಾಸು ಸುರಿದ ಮಳೆಗೇ ಓಣಿ ಮುಳುಗುತ್ತದಲ್ಲ, ಅದನ್ನು ದೇವರ ತಲೆಗೆ ಕಟ್ಟಲಾಗದು.

ನಾಲಾಕ್ಕ ಎರಡೂ ಕಡೆ ಕಾಂಕ್ರೀಟ್ ಗ್ವಾಡಿ ಕಟ್ಟಿದ್ರ ಮುಗೀತಲ್ಲ?

ಗೋಡೆ ಕಟ್ಟಿದ ಕಡೆ ನೀರು ಜೋರಾಗಿ ಓಡುತ್ತದೆ. ಓಡಿ ಎಲ್ಲಿಗೆ ಹೋಗುತ್ತದೆ? ಗೋಡೆ ಇಲ್ಲದ ಕೆಳಗಿನವರ ಹೊಲಕ್ಕೆ. ಬಳ್ಳಾರಿ ನಾಲಾ ಮುಂದೆ ಹಲಗಾ ಕಡೆ ಹೆದ್ದಾರಿಯ ಕೆಳಗೆ ಹಾಯ್ದು ಹೋಗಬೇಕು. ಮೇಲೆ ಎಷ್ಟೇ ಅಗಲ ಮಾಡಿದರೂ ಕೆಳಗಿನ ಸೇತುವೆಯ ಕಂಡಿಯಲ್ಲಿ ಹಿಡಿಸಿದಷ್ಟೇ ನೀರು ದಾಟುತ್ತದೆ. ಹಾಗಾಗಿ ಹೂಳು ತೆಗೆಯುವುದನ್ನು ಕೆಳಗಿನಿಂದ ಮೇಲಕ್ಕೆ ಮಾಡಬೇಕು. ಜನ ಬೊಬ್ಬೆ ಹಾಕುವುದು ಊರೊಳಗೆ, ಜೆಸಿಬಿಯೂ ಅಲ್ಲಿಂದಲೇ ಶುರುವಾಗುತ್ತದೆ.

ಗೋಡೆಯ ಇನ್ನೊಂದು ತಾಪತ್ರಯ ರೈತರಿಗೆ ಗೊತ್ತು. ಗದ್ದೆಯ ನೀರು ನಾಲಾಕ್ಕೆ ಬಸಿಯಲು ಕಂಡಿಗಳಿಲ್ಲದಿದ್ದರೆ ಗೋಡೆಯ ಹಿಂದೆಯೇ ನಿಂತು ಬೆಳೆ ಕೊಳೆಯುತ್ತದೆ. ಗೋಡೆ ಬೇಕೇ ಬೇಕಾದ ಜಾಗಗಳಿವೆ, ಮನೆಗಳು ನಾಲಾಕ್ಕೆ ಅಂಟಿಕೊಂಡ ಕಡೆ. ಉಳಿದ ಕಡೆ ಇಳಿಜಾರಿನ ಮಣ್ಣಿನ ದಂಡೆ, ಅದರ ಮೇಲೆ ಹುಲ್ಲು, ನೀರು ಉಕ್ಕಿದರೆ ಹರಡಲು ಒಂದಿಷ್ಟು ಬಯಲು ಇದ್ದರೆ ಸಾಕು.

ಎನ್‌ಎ ಆದ ಪ್ಲಾಟು. ಕಾಗದಾ ಎಲ್ಲಾ ಪಕ್ಕಾ ಅದಾವ. ತಗೋಬಹುದೇನ್ರಿ?

ಮೊದಲು ನನ್ನ ಕತೆ ಕೇಳಿ. ನಾನೂ ಒಂದು ಪ್ಲಾಟು ಕೊಂಡಿದ್ದೆ. ಏಪ್ರಿಲ್ ತಿಂಗಳು, ನೆಲ ಬಿರುಕು ಬಿಟ್ಟಿತ್ತು, ಸುಣ್ಣದ ಗೆರೆ ಎಳೆದಿದ್ದರು, ಮಾರುವವರು ತಂಪು ಮಜ್ಜಿಗೆ ಕೊಟ್ಟರು. ಉತಾರ (ಪಹಣಿ), ಎನ್‌ಎ ಅಂದರೆ ಕೃಷಿಯೇತರ ಬಳಕೆಯ ಆದೇಶ, ಲೇಔಟ್ ನಕ್ಷೆ ಎಲ್ಲ ಸರಿ ಇದ್ದವು. ಜುಲೈನಲ್ಲಿ ಹೆಂಡತಿಗೆ ತೋರಿಸಲು ಹೋದಾಗ ಮೂಲೆಯ ಕಲ್ಲು ಕಾಣಲಿಲ್ಲ. ಮೊಣಕಾಲುದ್ದ ನೀರು, ಅದರೊಳಗೆ ಕಪ್ಪೆಗಳ ಸಂತೆ. ಅವಳು ಏನೂ ಅನ್ನಲಿಲ್ಲ, ಸುಮ್ನೆ ಸ್ಕೂಟರಿನ ಹತ್ತಿರ ಹೋಗಿ ನಿಂತಳು. ಆ ಪ್ಲಾಟು ಮಾರಲು ನನಗೆ ಆರು ವರ್ಷ ಹಿಡಿಯಿತು.

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಆಗುವ ಎನ್‌ಎ ಆದೇಶ ಜಮೀನಿನ ಬಳಕೆಯನ್ನು ಬದಲಿಸುತ್ತದೆ. ನೀರಿನ ಇಳಿಜಾರು ಹಾಗೇ ಇರುತ್ತದೆ. ಹಾಗಾಗಿ ಜೋರು ಮಳೆಯ ಮರುದಿನ ಹೋಗಿ ನೋಡಿ. ಹತ್ತಿರದ ಕಾಂಪೌಂಡ್ ಗೋಡೆಯ ಮೇಲೆ ನೀರು ನಿಂತ ಗೆರೆ ಇದೆಯಾ, ಸುತ್ತಮುತ್ತ ಏಡಿ ತೂತು, ಜೊಂಡು ಇದೆಯಾ, ಹಳೆಯ ಮನೆಗಳು ಮೆಟ್ಟಿಲು ಯಾಕೆ ಅಷ್ಟು ಎತ್ತರ ಇಟ್ಟಿವೆ, ಇವನ್ನೆಲ್ಲ ಗಮನಿಸಿ. ಆ ಹೊಲಕ್ಕೆ ಹಳೆಯ ಹೆಸರು ಏನೆಂದು ಪಕ್ಕದ ರೈತರನ್ನು ಕೇಳಿ. ‘ಹಳ್ಳದ ಪಟ್ಟಿ’ ಅಂತೇನಾದರೂ ಹೇಳಿದರೆ ಮಜ್ಜಿಗೆ ಕುಡಿದು ವಾಪಸ್ ಬನ್ನಿ. ಎರೆ ಮಣ್ಣು ಹಸಿಯಾದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ, ಪಾಯಕ್ಕೆ ಬೇರೆಯೇ ಖರ್ಚು ಬರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಉತಾರದಲ್ಲಿ ‘ಬ ಖರಾಬು’ ಅಂತಿದೆ. ಅದು ಏನು?

ಸಾಗುವಳಿಗೆ ಬಾರದ ಜಾಗಕ್ಕೆ ಖರಾಬು ಎನ್ನುತ್ತಾರೆ. ಕಲ್ಲು, ಬಂಡೆಯಂಥ ಜಾಗ ‘ಅ ಖರಾಬು’. ದಾರಿ, ಹಳ್ಳ, ನಾಲಾ, ಕೆರೆಯಂತೆ ಸಾರ್ವಜನಿಕರಿಗೆ ಸೇರಿದ್ದು ‘ಬ ಖರಾಬು’. ಉತಾರದಲ್ಲಿ ವಿಸ್ತೀರ್ಣ ಬರೆದ ಕಡೆ ಎರಡನ್ನೂ ಬೇರೆ ಬೇರೆ ತೋರಿಸಿರುತ್ತಾರೆ. ಬ ಖರಾಬನ್ನು ಸರ್ವೆ ನಂಬರಿನ ಮಾಲೀಕರು ಮಾರುವಂತಿಲ್ಲ. ನಾಲ್ಕು ಗುಂಟೆ ಬ ಖರಾಬು ಇದ್ದ ಸರ್ವೆ ನಂಬರಿನಲ್ಲಿ ಲೇಔಟ್ ಆಗಿದ್ದರೆ, ನಕ್ಷೆಯಲ್ಲಿ ಆ ನಾಲ್ಕು ಗುಂಟೆ ಎಲ್ಲಿ ಹೋಯಿತು ಎಂದು ಕೇಳಿ. ಉತ್ತರ ತಡವರಿಸಿದರೆ ಗ್ರಾಮ ನಕ್ಷೆ ತೆಗೆಸಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಅದು ಅಂದಾಜಿಗೆ ಮಾತ್ರ. ಗಡಿ ಪಕ್ಕಾ ಆಗಬೇಕಾದರೆ ಹದ್ದುಬಸ್ತು ಮಾಡಿಸಬೇಕು.

## ಮೂರು: ಕೆರೆ ಚೆಂದ ಮಾಡುವುದು

ವಾಕಿಂಗ್ ಪಾಥ್, ಕಾರಂಜಿ, ಬೋಟು ಬಂದ್ರೆ ಕೆರೆ ಉದ್ಧಾರ ಆದಂಗಲ್ವಾ?

ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಊರಿಗೊಂದು ಜಾಗ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ಬೆಳಗಾವಿ ಬಂದಾಗ ನಾನೂ ಪೇಢೆ ತಿಂದವನೇ.

ತಕರಾರು ಅಂಚಿನ ಬಗ್ಗೆ. ಕೆರೆಯ ಜೀವ ಇರುವುದು ನಡುವಿನ ಆಳದಲ್ಲಿ ಅಲ್ಲ, ದಂಡೆಯ ಬಳಿ ಪಾದ ಮುಳುಗುವಷ್ಟು ನೀರಿನಲ್ಲಿ. ಕೊಕ್ಕರೆ, ಬೆಳ್ಳಕ್ಕಿ, ಕೆಂಬರಲು ಈಜುವ ಹಕ್ಕಿಗಳಲ್ಲ, ನಡೆದಾಡಿ ಮೇಯುವವು. ಮೀನು ಮೊಟ್ಟೆ ಇಡುವುದೂ ಅಲ್ಲಿನ ಹುಲ್ಲಿನಲ್ಲೇ. ಸುತ್ತಲೂ ನೆಟ್ಟಗೆ ಕಲ್ಲಿನ ಗೋಡೆ ಎಬ್ಬಿಸಿ, ತಳ ಕೆರೆದು, ಬೋಗುಣಿಯಂತೆ ಮಾಡಿದರೆ ಆ ಅಂಚೇ ಇಲ್ಲವಾಗುತ್ತದೆ. ಆಮೇಲೆ ಅದು ದೊಡ್ಡ ನೀರಿನ ಟಾಕಿ. ಕೆಲಸ ಶುರುವಾಗುವ ಮೊದಲು ನಕ್ಷೆ ಕೇಳಿ. ಒಂದು ಬದಿಯಾದರೂ ಇಳಿಜಾರಿನ ಮಣ್ಣಿನ ದಂಡೆ ಬಿಡಲು, ಜೊಂಡು ಪೂರ್ತಿ ಕೀಳದಿರಲು, ಮಳೆನೀರು ಒಳಗೆ ಬರುವ ಕಾಲುವೆಗಳನ್ನು ಫುಟ್‌ಪಾತಿನ ಕೆಳಗೆ ಹೂಳದಿರಲು ಹೇಳಿ. ಕೊನೆಯದನ್ನು ಮರೆತು ಬಿಟ್ಟರೆ ಮುಂದೆ ಚೆಂದದ ಕೆರೆಗೆ ಬೋರಿನಿಂದ ನೀರು ತುಂಬಿಸಬೇಕಾಗುತ್ತದೆ.

ಎಷ್ಟು ಸಲ ತೆಗೆಸಿದ್ರೂ ಆ ಹಸಿರು ಕಳೆ ಮತ್ತೆ ಬರ್ತದಲ್ರಿ?

ತಿಳಿ ನೇರಳೆ ಹೂ ಬಿಡುವ ಆ ಜಲಕಳೆ ದಕ್ಷಿಣ ಅಮೆರಿಕದ್ದು. ಊಟ ಚೆನ್ನಾಗಿ ಸಿಕ್ಕರೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ, ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಊಟ ಕೊಡುವವರು ನಾವೇ. ಪಾಯಖಾನೆಯ ನೀರಿನ ಸಾರಜನಕ, ಬಟ್ಟೆ ಸೋಪಿನ ರಂಜಕ ಅದಕ್ಕೆ ಗೊಬ್ಬರ. ಒಳಬರುವ ಹೊಲಸು ನಿಲ್ಲಿಸದೆ ಕಳೆ ತೆಗೆಯುವುದು ಪ್ರತಿ ವರ್ಷದ ಟೆಂಡರಿಗೆ ಒಳ್ಳೆಯದು, ಕೆರೆಗಲ್ಲ. ತೆಗೆದ ಕಳೆಯನ್ನು ದಂಡೆಯ ಮೇಲೇ ಗುಡ್ಡೆ ಹಾಕಬಾರದು. ಕೊಳೆತ ರಸ ಮೊದಲ ಮಳೆಗೇ ವಾಪಸ್ ಒಳಗಿಳಿಯುತ್ತದೆ.

ಬೆಳಿಗ್ಗೆ ನೋಡಿದ್ರೆ ಮೀನೆಲ್ಲ ಸತ್ತು ತೇಲ್ತಿದ್ವು. ಯಾರೋ ವಿಷ ಹಾಕಿದ್ದಾರಾ?

ಹಾಕಿರಲೂಬಹುದು, ಆದರೆ ಸಾಮಾನ್ಯ ಕಾರಣ ಉಸಿರುಗಟ್ಟುವುದು. ಹಸಿರು ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಹೊಲಸು ಕೊಳೆಯುವಾಗಲೂ ಅದೇ ಆಮ್ಲಜನಕ ಖರ್ಚಾಗುತ್ತದೆ. ಹಾಗಾಗಿ ನಸುಕಿನಲ್ಲಿ ನೀರಿನ ಉಸಿರು ತೀರಾ ಕಡಿಮೆ. ನಾಲ್ಕು ದಿನ ಮೋಡ ಮುಚ್ಚಿದ್ದರೆ, ಅಥವಾ ಮೊದಲ ಮಳೆ ಗಟಾರವನ್ನೆಲ್ಲ ತೊಳೆದು ಕೆರೆಗೆ ತಂದಿದ್ದರೆ ಮೀನು ತಡೆಯುವುದಿಲ್ಲ. ಸಾಯುವ ಮುಂಚೆ ಮೀನುಗಳು ಮೇಲೆ ಬಂದು ಬಾಯಿ ಪಟಪಟ ತೆರೆಯುತ್ತಿದ್ದವೆಂದು ಯಾರಾದರೂ ಹೇಳಿದರೆ ಬಹುತೇಕ ಇದೇ. ನಸುಕಿನಲ್ಲೇ ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ ಫೋನ್ ಮಾಡಿ. ಮಧ್ಯಾಹ್ನ ತೆಗೆದ ನೀರಿನ ಸ್ಯಾಂಪಲ್ ‘ಎಲ್ಲ ಸರಿ ಇದೆ’ ಅನ್ನುತ್ತದೆ.

ಗಣಪತಿ ಬಿಡೋದಕ್ಕೂ ಅಡ್ಡಿ ಮಾಡ್ತೀರೇನು?

ಇಲ್ಲಪ್ಪ. ಹಸಿ ಮಣ್ಣಿನ ಗಣಪತಿ ಹೊಂಡದಲ್ಲಿ ಕರಗಿ ಹೋಗುತ್ತಾನೆ. ಪಿಒಪಿ ಮೂರ್ತಿ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಹೇಳಿದೆ. ಹೂವು, ಹಾರ, ಪ್ಲಾಸ್ಟಿಕ್ ಚೀಲ ದಂಡೆಯ ಮೇಲೆ ಬಿಡಿ, ದೇವರನ್ನಷ್ಟೇ ನೀರಿಗೆ ಬಿಡಿ.

ನಾವು ವಿಜಯಪುರದವರು. ನಮ್ಮಲ್ಲಿ ಮಳೆಯೇ ಕಮ್ಮಿ. ನಮಗೂ ಇದಕ್ಕೂ ಏನು ಸಂಬಂಧ?

ನಿಮ್ಮ ಊರಿನಷ್ಟು ನೀರಿನ ಬುದ್ಧಿ ಇದ್ದ ಊರು ಈ ಸೀಮೆಯಲ್ಲಿ ಇನ್ನೊಂದಿಲ್ಲ. 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಬರುತ್ತಿತ್ತು. ನಡುನಡುವೆ ನೀರಿನ ಒತ್ತಡ ತಗ್ಗಿಸಲು ಕಟ್ಟಿದ ಗಂಜ್‌ಗಳು ಇನ್ನೂ ನಿಂತಿವೆ. ತಾಜ್ ಬಾವಡಿ, ಚಾಂದ್ ಬಾವಡಿಗಳೂ ಅದೇ ಆದಿಲ್‌ಶಾಹಿ ಕಾಲದ ಬುದ್ಧಿ. ಮಳೆ ಕಮ್ಮಿ ಇರುವ ಕಡೆ ಕೆರೆಗೆ ನೀರು ತರುವ ಬಯಲು ಇನ್ನೂ ದೊಡ್ಡದು ಬೇಕು. ಆ ಬಯಲಿನಲ್ಲಿ ಲೇಔಟ್ ಎದ್ದರೆ ಕೆರೆಯ ದಂಡೆ ಮುಟ್ಟದೆಯೂ ಕೆರೆ ಒಣಗುತ್ತದೆ. ನಮಗೆ ನೀರು ಉಕ್ಕುವ ಚಿಂತೆ, ನಿಮಗೆ ಬಾರದಿರುವ ಚಿಂತೆ. ಮೂಲ ಒಂದೇ, ಬರುವ ದಾರಿ ಮುಚ್ಚಿದ್ದು.

## ನಾಲ್ಕು: ಕಾನೂನು ಮತ್ತು ಕಷ್ಟದ ಪ್ರಶ್ನೆಗಳು

ಜೌಗು ಪ್ರದೇಶಕ್ಕೆ ಕಾನೂನಿದೆಯಲ್ಲ? ಮತ್ತೆ ಗದ್ದೆ ಯಾಕೆ ಉಳಿಯಲ್ಲ?

ಇದೆ, 2017ರ ಜೌಗು ಪ್ರದೇಶ ಸಂರಕ್ಷಣಾ ನಿಯಮಗಳು. ಅದರ ವ್ಯಾಖ್ಯೆ ಓದಿದಾಗ ನನಗೆ ತಲೆ ತಿರುಗಿತ್ತು. ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆ ಕಟ್ಟಿದ ಕೆರೆ, ನೀರಾವರಿಗೆ ಕಟ್ಟಿದ ಕೆರೆ, ಇವೆಲ್ಲ ಅದರಿಂದ ಹೊರಗೆ. ಉತ್ತರ ಕರ್ನಾಟಕದಲ್ಲಿ ಇವನ್ನು ಬಿಟ್ಟರೆ ಉಳಿಯುವುದೇನು? ಹಾಗಿದ್ದೂ ಎರಡು ಆಸರೆಗಳಿವೆ. ಇಸ್ರೋ ನಕ್ಷೆಯಲ್ಲಿ ಗುರುತಾದ 2.25 ಹೆಕ್ಟೇರಿಗಿಂತ ದೊಡ್ಡ 2,01,503 ಜೌಗು ಪ್ರದೇಶಗಳನ್ನು ಹಳೆಯ 2010ರ ನಿಯಮದ ತತ್ವದಂತೆ ಕಾಯಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಕೆರೆ-ಹೊಂಡದ ಜಾಗವನ್ನು ಮನೆ ಕಟ್ಟಲು ಹಂಚುವಂತಿಲ್ಲ ಎಂದು 2001ರ ಹಿಂಚ್‌ಲಾಲ್ ತಿವಾರಿ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತ್ತು. ಗದ್ದೆಗೆ ಮಾತ್ರ ಇವೆರಡೂ ಆಸರೆ ಆಗುವುದು ಕಷ್ಟ. ಅದರ ಹಣೆಬರಹ ಇರುವುದು ಮಾಸ್ಟರ್ ಪ್ಲಾನಿನಲ್ಲಿ. ಕರಡು ನಕ್ಷೆ ಪ್ರಕಟವಾದಾಗ ಆಕ್ಷೇಪಣೆ ಬರೆಯಲು ಅವಧಿ ಕೊಡುತ್ತಾರೆ. ಆ ದಿನಗಳಲ್ಲಿ ನಾವೆಲ್ಲ ಮದುವೆ ಸೀಜನ್ನಿನಲ್ಲಿ ಇರುತ್ತೇವೆ.

ರಾಮ್ಸಾರ್ ಪಟ್ಟಿಗೆ ಕೋಟೆ ಕೆರೆ ಸೇರಿಸಬಾರದಾ?

ಆಸೆ ಒಳ್ಳೆಯದು, ಆಗುವ ಮಾತಲ್ಲ. ಅದು ಜಗತ್ತಿಗೇ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ. ರಂಗನತಿಟ್ಟು 2022ರಲ್ಲಿ ಪಟ್ಟಿ ಸೇರಿತು. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಸೇರಿದವು. ಗಮನಿಸಿ, ಗದಗ ಜಿಲ್ಲೆಯ ಮಾಗಡಿ ಕೆರೆ ಜನ ಕಟ್ಟಿದ ನೀರಾವರಿ ಕೆರೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ, ಸುತ್ತಲಿನ ಹೊಲದಲ್ಲಿ ಮೇಯುತ್ತವೆ. ಕೆರೆಯ ಜತೆ ಹೊಲವೂ ಇದ್ದದ್ದರಿಂದ ಹಕ್ಕಿ ಉಳಿದವು.

ನಾಲಾ ಮುಚ್ಚಿ ಕಟ್ಟಡ ಎಬ್ಬಿಸ್ತಿದ್ದಾರೆ. ಯಾರ ಬಾಗಿಲು ತಟ್ಟಬೇಕು?

ಮೊದಲ ದಿನವೇ ಫೋಟೊ ತೆಗೆಯಿರಿ, ತಾರೀಕು ಕಾಣುವಂತೆ. ಗ್ರಾಮ ನಕ್ಷೆ, ಉತಾರ ಜೋಡಿಸಿ ತಹಶೀಲ್ದಾರರಿಗೆ ಮತ್ತು ಪಾಲಿಕೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ನೆನಪಿನ ಶಕ್ತಿ ಕಮ್ಮಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಅದೂ ಆಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈನ ಪೀಠ. ತಕರಾರು ಹುಟ್ಟಿದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ಎರಡು ವರ್ಷ ಜಗಳ ಆಡಿ ಆಮೇಲೆ ವಕೀಲರ ಹತ್ತಿರ ಹೋದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ನನ್ನ ಗದ್ದಿ ನಾ ಮಾರ್ತೀನಿ. ಬ್ಯಾಡ ಅನ್ನಲಿಕ್ಕೆ ನೀವ್ಯಾರು?

ಯಾರೂ ಅಲ್ಲ. ಈ ಪ್ರಶ್ನೆ ಕೇಳಿದ್ದು ಅದೇ ಏಡಿ ತೂತು ಮುಚ್ಚುತ್ತಿದ್ದ ಕಾಕಾ. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ, ಈಗಲೂ ಅರ್ಧ ಮಾತ್ರ ಇದೆ. ಅವರ ನಾಲಾ ನೀರಿನಲ್ಲಿ ನಮ್ಮ ಪಾಯಖಾನೆ ಬೆರೆಸಿದ್ದೇವೆ. ಆಳು ಸಿಗುವುದಿಲ್ಲ, ಬೆಳೆ ಮುಳುಗಿದರೆ ಪರಿಹಾರ ತಡ. ಪಕ್ಕದ ಹೊಲದವರು ಗುಂಟೆ ಲೆಕ್ಕದಲ್ಲಿ ಮಾರಿ ಕಾರು ತಂದಿದ್ದಾರೆ. ಊರಿನ ನೀರನ್ನು ಅವರ ಒಡ್ಡು ಹಿಡಿದಿಡುತ್ತದೆ, ಅದಕ್ಕೆ ಊರು ಒಂದು ಪೈಸೆ ಕೊಟ್ಟಿಲ್ಲ. ಗೋಡೆಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಗದ್ದೆ ಉಳಿಸಿಕೊಂಡವರಿಗೆ ವರ್ಷವರ್ಷ ಕೊಡಬೇಕು, ನೀರು ನಿಲ್ಲಿಸಿದ ಬಾಡಿಗೆ ಅಂತ. ಇದು ನನ್ನ ಅಭಿಪ್ರಾಯ. ಕಾಕಾ ಕೇಳಿ ನಕ್ಕರು. ಆ ಗದ್ದೆಯ ಅರ್ಧ ಈಗ ಪ್ಲಾಟಾಗಿದೆ, ಇನ್ನರ್ಧದಲ್ಲಿ ಈ ವರ್ಷವೂ ನಾಟಿ ಮಾಡಿದ್ದಾರೆ.

ನಾಲಾದ ನೀರಿನ ಲೆಕ್ಕ ನಾವೇ ಇಡಬಹುದಾ? ಸಾಹೇಬರು ‘ದಾಖಲೆ ತೋರಿಸಿ’ ಅಂತಾರೆ.

ಇಡಬಹುದು, ದೊಡ್ಡ ಖರ್ಚಿಲ್ಲ. ನೆಟ್ಟಗಿನ ಬದಿಯ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ಟೆರೇಸಿನ ತೆರೆದ ಜಾಗದಲ್ಲಿಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ನಿಂತ ನೀರನ್ನು ಸ್ಕೇಲಿನಿಂದ ಅಳೆಯಿರಿ. ತಳ ಉಬ್ಬುತಗ್ಗಿದ್ದರೆ ಅದು ಮುಳುಗುವಷ್ಟು ನೀರು ಮೊದಲೇ ಹಾಕಿ, ಅಲ್ಲಿಂದ ಮೇಲಕ್ಕೆ ಎಣಿಸಿ. ನಾಲಾದ ಮೇಲಿನ ಯಾವುದಾದರೂ ಕಿರುಸೇತುವೆಯ ಕಂಬಕ್ಕೆ ಅಡಿ ಅಡಿಗೆ ಗುರುತು ಹಾಕಿ. ಮೊದಲು ಪಾಲಿಕೆಯವರಿಗೊಂದು ಮಾತು ಹೇಳಿ, ಇಲ್ಲದಿದ್ದರೆ ಅಳಿಸಿಬಿಡುತ್ತಾರೆ. ಮಳೆ ಎಷ್ಟು, ಶುರುವಾದದ್ದು ಯಾವಾಗ, ನೀರು ಯಾವ ಗುರುತು ಮುಟ್ಟಿತು, ಎಷ್ಟು ಹೊತ್ತಿಗೆ ಮುಟ್ಟಿತು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಮೇಲಿನ ಗದ್ದೆಗಳಿಗೆ ಮುರುಮು ಬಿದ್ದಂತೆಲ್ಲ ಅಷ್ಟೇ ಮಳೆಗೆ ನೀರು ಬೇಗ ಬರುತ್ತದೆ, ಎತ್ತರಕ್ಕೆ ಬರುತ್ತದೆ. ಐದಾರು ಮಳೆಗಾಲದ ಬರಹ ಇದ್ದರೆ ಸಾಹೇಬರ ಮೇಜಿನ ಮೇಲೆ ಇಡಬಹುದು.

ಗುರುತಿಗೆ ಎಣ್ಣೆ ಬಣ್ಣವನ್ನೇ ಬಳಸಿ. ನಾನು ಸುಣ್ಣದಲ್ಲಿ ಹಾಕಿದ್ದೆ, ಮೊದಲ ಮಳೆಗೇ ಹೋಯಿತು.